ಮಗ್ಗಿ ಮುಗಿದ ಮೇಲೆ

ಪ್ರಾಥಮಿಕ ಶಾಲೆಯ ಗಣಿತದಲ್ಲಿ ಮಕ್ಕಳು ದಾಟಬೇಕಾದ ಹೊಳೆಗಳು ಹಲವು. ಕೂಡುವಾಗ ದಶಕ ಏರಿಸುವುದು ಒಂದು. ಕಳೆಯುವಾಗ ಪಕ್ಕದ ಮನೆಯಿಂದ ಕಡ ತರುವುದು ಇನ್ನೊಂದು. ಇವನ್ನು ಹೇಗೋ ದಾಟಿದ ಮಗು ನಾಲ್ಕನೆಯ ಐದನೆಯ ತರಗತಿಗಳ ಹೊತ್ತಿಗೆ ಎರಡಂಕಿಯ ಭಾಜಕದ ಮುಂದೆ ಬಂದು ನಿಲ್ಲುತ್ತದೆ. ಅದುವರೆಗೆ ಭಾಗಾಕಾರವೆಂದರೆ ಮಗ್ಗಿಯನ್ನು ತಿರುಗಿಸಿ ಹೇಳುವ ಕೆಲಸವಾಗಿತ್ತು. ಐವತ್ತಾರನ್ನು ಏಳರಿಂದ ಭಾಗಿಸು ಎಂದರೆ, ಏಳೆಂಟಲೆ ಐವತ್ತಾರು ಎಂಬ ಮಾತು ನಾಲಿಗೆಯ ತುದಿಯಲ್ಲಿರುತ್ತದೆ, ಉತ್ತರ ಎಂಟು. ಆದರೆ ಸಾವಿರವನ್ನು ನಲವತ್ತೆರಡರಿಂದ ಭಾಗಿಸು ಎಂದಾಗ ಮಗ್ಗಿ ನೆರವಿಗೆ ಬರುವುದಿಲ್ಲ. ನಲವತ್ತೆರಡರ ಮಗ್ಗಿಯನ್ನು ಯಾರೂ ಬಾಯಿಪಾಠ ಮಾಡಿಸಿಲ್ಲ. ಕಲಿತ ದಾರಿ ಅಲ್ಲಿಗೆ ಮುಗಿಯುತ್ತದೆ. ಮುಂದಿನ ಹೆಜ್ಜೆಯನ್ನು ಊಹೆಯಿಂದ ಇಡಬೇಕು.

ತೊಡಕು ಇರುವುದು ಇಲ್ಲಿಯೇ. ಗಣಿತವೆಂದರೆ ಖಚಿತವಾದದ್ದು, ಅಲ್ಲಿ ಊಹೆಗೆ ಎಡೆಯಿಲ್ಲ ಎಂದು ನಾಲ್ಕು ವರ್ಷ ನಂಬಿಸಿದ ಮಗುವಿಗೆ ಐದನೆಯ ವರ್ಷ ಥಟ್ಟನೆ 'ಎಷ್ಟು ಸಲ ಹೋಗಬಹುದು, ಹೇಳು' ಎನ್ನುತ್ತೇವೆ. ಅದು ಅಂಜುತ್ತ ನಾಲ್ಕು ಎನ್ನುತ್ತದೆ. ಗುಣಿಸಿ ನೋಡಿದರೆ ಹೆಚ್ಚಾಗುತ್ತದೆ. 'ತಪ್ಪು, ಅಳಿಸು' ಎನ್ನುತ್ತೇವೆ. ಎರಡು ಮೂರು ಬಾರಿ ಹೀಗಾದರೆ ತನಗೆ ಲೆಕ್ಕ ಬಾರದು ಎಂದು ಮಗು ತೀರ್ಮಾನಿಸಿಬಿಡುತ್ತದೆ. ಆ ತೀರ್ಮಾನವನ್ನು ಜೀವನವಿಡೀ ಹೊತ್ತು ನಡೆಯುವವರು ನಮ್ಮ ನಡುವೆ ಬೇಕಾದಷ್ಟು ಮಂದಿ ಇದ್ದಾರೆ. ದೊಡ್ಡ ಭಾಜಕದ ಭಾಗಾಕಾರದಲ್ಲಿ ಹುಸಿ ಹೋದ ಊಹೆಯೂ ರೀತಿಯ ಒಂದು ಮೆಟ್ಟಲೇ ಎಂಬುದನ್ನು ಇಂದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನೆಲದ ಉದಾಹರಣೆಗಳಿಂದಲೇ ವಿವರಿಸಬೇಕೆಂದಿದ್ದೇನೆ. ಕೇಳುತ್ತಿರುವವರು ಒಂದು ತುಂಡು ಕಾಗದವನ್ನೂ ಪೆನ್ಸಿಲನ್ನೂ ಹತ್ತಿರ ಇರಿಸಿಕೊಂಡರೆ ಒಳ್ಳೆಯದು.

ನಲವತ್ತೆರಡು ಎಂಬ ಸಂಖ್ಯೆಯನ್ನು ಸುಮ್ಮನೆ ಆರಿಸಿಕೊಂಡದ್ದಲ್ಲ. ದಕ್ಷಿಣ ಕನ್ನಡದ ಹಳಬರಿಗೆ ಅದು ಅಕ್ಕಿಯ ಸಂಖ್ಯೆ. ಬೈಹುಲ್ಲಿನಿಂದ ಬಿಗಿಯಾಗಿ ಕಟ್ಟಿದ ಒಂದು ಮುಡಿ ಅಕ್ಕಿಯೆಂದರೆ ೪೨ ಸೇರು. ಅದರ ಮೂರನೆಯ ಒಂದು ಪಾಲು ಕಳಸೆ, ಎಂದರೆ ೧೪ ಸೇರು. ಒಕ್ಕಲುಗಳು ಧಣಿಗಳಿಗೆ ಅಳೆಯುತ್ತಿದ್ದ ಗೇಣಿಯೂ ಮುಡಿಯ ಲೆಕ್ಕದಲ್ಲಿಯೇ ಇತ್ತು. ಇಷ್ಟು ಸೇರು ಅಕ್ಕಿಗೆ ಎಷ್ಟು ಮುಡಿಯಾಯಿತು, ಇನ್ನು ಎಷ್ಟು ಬಾಕಿ ಉಳಿಯಿತು ಎಂಬುದು ಅಂದಿನ ಅಂಗಳದ ನಿತ್ಯದ ಪ್ರಶ್ನೆ. ಅದನ್ನು ಸ್ವತಃ ಭಾಗಿಸಿ ತಿಳಿಯಬಲ್ಲವನು ಒಂದು ಬಗೆಯ ಒಕ್ಕಲು. ಬರೆದುಕೊಳ್ಳುವವರ ಬಾಯಿಂದ ಬಂದ ಸಂಖ್ಯೆಯನ್ನು ನಂಬಿಕೊಂಡು ಮನೆಗೆ ಹಿಂದಿರುಗಬೇಕಾದವನು ಇನ್ನೊಂದು ಬಗೆಯ ಒಕ್ಕಲು. ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿಯ ಪದ್ಧತಿಯನ್ನೇ ತೆಗೆದುಹಾಕಿತು. ಅಳತೆಯೂ ಸೇರಿನಿಂದ ಕಿಲೋಗ್ರಾಮಿಗೆ ಬಂತು. ಆದರೂ ಲೆಕ್ಕ ಬಲ್ಲವನಿಗೂ ಬಾರದವನಿಗೂ ಇರುವ ಅಂತರ ಗೇಣಿಯೊಡನೆ ತೊಲಗಿಹೋಗಲಿಲ್ಲ.

ಈಗ ಸಾವಿರ ಸೇರು ಅಕ್ಕಿಯನ್ನು ಮುಡಿ ಕಟ್ಟೋಣ. ೧೦೦೦ವನ್ನು ೪೨ರಿಂದ ಭಾಗಿಸಬೇಕು. ಎಡದಿಂದ ನೋಡಿದರೆ ಒಂದರಲ್ಲಿ ೪೨ ಹೋಗದು, ಹತ್ತರಲ್ಲಿಯೂ ಹೋಗದು, ನೂರರಲ್ಲಿ ಹೋಗುತ್ತದೆ. ಎಷ್ಟು ಸಲ? ೪೨ರ ಬದಲು ಅದರ ಮೊದಲ ಅಂಕಿ ನಾಲ್ಕನ್ನೂ, ನೂರರ ಬದಲು ಹತ್ತನ್ನೂ ನೋಡಿದರೆ, ಹತ್ತರಲ್ಲಿ ನಾಲ್ಕು ಎರಡು ಸಲ. ೪೨ ಎರಡಲೆ ೮೪. ನೂರರಿಂದ ಕಳೆದರೆ ೧೬ ಉಳಿಯಿತು. ಮೇಲಿನ ಸೊನ್ನೆಯನ್ನು ಇಳಿಸಿಕೊಂಡಾಗ ೧೬೦ ಆಯಿತು. ಮತ್ತೆ ಅದೇ ಉಪಾಯ: ೧೬ರಲ್ಲಿ ನಾಲ್ಕು, ನಾಲ್ಕು ಸಲ. ಆದರೆ ೪೨ ನಾಲ್ಕಲೆ ೧೬೮. ಇದು ೧೬೦ಕ್ಕಿಂತ ಹೆಚ್ಚು. ಆದ್ದರಿಂದ ಒಂದು ಮೆಟ್ಟಲು ಇಳಿದು ಮೂರನ್ನು ತೆಗೆದುಕೊಂಡರೆ ೧೨೬, ಉಳಿದದ್ದು ೩೪. ಉತ್ತರ ೨೩ ಮುಡಿ. ಶೇಷ ೩೪ ಸೇರು. ಆ ಶೇಷದಲ್ಲಿ ೧೪ರ ಎರಡು ಕಳಸೆ ಹೋಗಿ ೬ ಸೇರು ಉಳಿಯುತ್ತದೆ. ಸಾವಿರ ಸೇರೆಂದರೆ ೨೩ ಮುಡಿ, ೨ ಕಳಸೆ, ೬ ಸೇರು.

ಈ ಲೆಕ್ಕದಲ್ಲಿ ನಾಲ್ಕು ಎಂದು ಊಹಿಸಿ ಮೂರಕ್ಕೆ ಇಳಿದ ಘಳಿಗೆಯನ್ನು ಸ್ವಲ್ಪ ನಿಂತು ನೋಡಬೇಕು. ನಾಲ್ಕು ಎಂದ ಮಗು ದಡ್ಡತನದಿಂದ ಹಾಗೆ ಹೇಳಲಿಲ್ಲ. ನಾವು ಕಲಿಸಿದ ಉಪಾಯವನ್ನೇ ನಿಷ್ಠೆಯಿಂದ ಅನುಸರಿಸಿತು. ೪೨ನ್ನು ೪೦ ಎಂದು ಭಾವಿಸಿದೆವು; ಭಾಜಕವನ್ನು ಇದ್ದುದಕ್ಕಿಂತ ಚಿಕ್ಕದು ಮಾಡಿಕೊಂಡೆವು. ಚಿಕ್ಕದಾದದ್ದು ಹೆಚ್ಚು ಸಲ ಹೋಗುವಂತೆ ಕಾಣುವುದು ಸಹಜ. ಆದ್ದರಿಂದ ಭಾಜಕವನ್ನು ಕೆಳಕ್ಕೆ ಇಳಿಸಿ ಮಾಡಿದ ಊಹೆ ತಪ್ಪುವುದಾದರೆ ಮೇಲಕ್ಕೇ ತಪ್ಪುತ್ತದೆ, ಕೆಳಕ್ಕಲ್ಲ. ಭಾಜಕವನ್ನು ಮೇಲಕ್ಕೆ ಏರಿಸಿಕೊಂಡರೆ, ಉದಾಹರಣೆಗೆ ೧೯ನ್ನು ೨೦ ಎಂದು ಭಾವಿಸಿದರೆ, ಊಹೆ ತಪ್ಪಿದರೂ ಕೆಳಕ್ಕೆ ತಪ್ಪೀತು. ಎರಡು ತಪ್ಪುಗಳಿಗೂ ಒಂದೊಂದು ಕುರುಹು ಇದೆ. ಗುಣಲಬ್ಧ ಮೇಲಿನ ಸಂಖ್ಯೆಯನ್ನು ಮೀರಿದರೆ ಊಹೆ ದೊಡ್ಡದಾಯಿತೆಂದು ಅರ್ಥ. ಕಳೆದ ಮೇಲೆ ಉಳಿದದ್ದು ಭಾಜಕದಷ್ಟೇ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಊಹೆ ಸಣ್ಣದಾಯಿತೆಂದು ಅರ್ಥ. ಬದುಕಿನಲ್ಲಿ ಮಾಡಿದ ತಪ್ಪುಗಳು ಎಷ್ಟೋ ವರ್ಷ ಅಡಗಿ ಕೂತಿರುತ್ತವೆ. ಭಾಗಾಕಾರದ ತಪ್ಪು ಮಾತ್ರ ಮರುಗಳಿಗೆಯಲ್ಲೇ ತಾನಾಗಿ ಬಾಯಿಬಿಟ್ಟು, ಯಾವ ಕಡೆಗೆ ತಿದ್ದಬೇಕೆಂಬುದನ್ನೂ ಹೇಳಿಬಿಡುತ್ತದೆ. ಇಂಥ ಉಪಕಾರಿಯಾದ ತಪ್ಪನ್ನು ನಾವು ಅಪರಾಧವೆಂದು ಎಣಿಸುವುದು ಎಷ್ಟು ಸರಿ?

ದೊಡ್ಡ ಭಾಜಕವೆಂದರೆ ಕಷ್ಟದ ಭಾಜಕ ಎಂಬ ಭಾವನೆಯೂ ಅರ್ಧ ಮಾತ್ರ ನಿಜ. ಬಂಟ್ವಾಳ ತಾಲ್ಲೂಕಿನ ವಿಟ್ಲದಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ. ಅಡಿಕೆಯ ಗಿಡಗಳ ನಡುವೆ ಎರಡು ಕಡೆಗೂ ೨.೭ ಮೀಟರ್ ಅಂತರವಿರಬೇಕೆಂಬುದು ಅಲ್ಲಿಯ ತಜ್ಞರ ಸಲಹೆ. ಕೃಷಿಕರ ಮಾತಿನಲ್ಲಿ ಹೇಳುವುದಾದರೆ ಸುಮಾರು ಒಂಬತ್ತು ಅಡಿ. ಒಂದು ಗಿಡಕ್ಕೆ ಒಂಬತ್ತೊಂಬತ್ತಲೆ ೮೧ ಚದರ ಅಡಿ ನೆಲ ಬೇಕು. ಒಂದು ಎಕರೆಯೆಂದರೆ ೪೩,೫೬೦ ಚದರ ಅಡಿ. ಹಾಗಾದರೆ ಎಕರೆಗೆ ಎಷ್ಟು ಗಿಡ? ೪೩೫ರಲ್ಲಿ ೮೧ ಎಷ್ಟು ಸಲ ಎಂದು ಕೇಳುವ ಬದಲು ೪೩ರಲ್ಲಿ ೮ ಎಷ್ಟು ಸಲ ಎಂದು ಕೇಳಿ, ಐದು. ೪೦೫ ಕಳೆದರೆ ೩೦. ೬ನ್ನು ಇಳಿಸಿದರೆ ೩೦೬. ಮೂವತ್ತರಲ್ಲಿ ಎಂಟು ಮೂರು ಸಲ. ೨೪೩ ಕಳೆದರೆ ೬೩. ಸೊನ್ನೆ ಇಳಿಸಿದರೆ ೬೩೦. ಅರವತ್ತಮೂರರಲ್ಲಿ ಎಂಟು ಏಳು ಸಲ. ೫೬೭ ಕಳೆದರೆ ೬೩ ಉಳಿಯಿತು. ಉತ್ತರ ೫೩೭ ಗಿಡ. ಮೂರು ಊಹೆಗಳಲ್ಲಿ ಒಂದೂ ಹುಸಿಯಾಗಲಿಲ್ಲ.

ಇದೇ ಉಪಾಯವನ್ನು ೧೯ರ ಮೇಲೆ ಪ್ರಯೋಗಿಸಿ ನೋಡಿ. ನೂರರಲ್ಲಿ ೧೯ ಎಷ್ಟು ಸಲ? ಹತ್ತರಲ್ಲಿ ಒಂದು ಹತ್ತು ಸಲ. ಒಂದೇ ಅಂಕಿ ಬರೆಯಬೇಕಾದ್ದರಿಂದ ಒಂಬತ್ತೆಂದುಕೊಂಡರೂ ನಿಜವಾದ ಉತ್ತರ ಐದು ಮಾತ್ರ. ಮಗು ಒಂಬತ್ತು, ಎಂಟು, ಏಳು, ಆರು ಎಂದು ನಾಲ್ಕು ಬಾರಿ ಬರೆದು ನಾಲ್ಕು ಬಾರಿ ಅಳಿಸಬೇಕಾಗುತ್ತದೆ. ೮೧ ದೊಡ್ಡದು, ೧೯ ಚಿಕ್ಕದು. ಆದರೂ ಮೊದಲನೆಯದು ಸಾಧು, ಎರಡನೆಯದು ತುಂಟ. ಇದಕ್ಕೆ ಗಣಿತಜ್ಞರು ಒಂದು ನಿಯಮವನ್ನೇ ಸಾಧಿಸಿ ತೋರಿಸಿದ್ದಾರೆ. ಭಾಜಕದ ಮೊದಲ ಅಂಕಿ ಐದು ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ, ಆ ಮೊದಲ ಅಂಕಿಯಿಂದ ಮಾಡಿದ ಊಹೆ ನಿಜಕ್ಕಿಂತ ಕಡಿಮೆಯಾಗುವುದೇ ಇಲ್ಲ. ಹೆಚ್ಚಾದರೂ ಎರಡಕ್ಕಿಂತ ಹೆಚ್ಚು ಮೀರುವುದಿಲ್ಲ. ಮೊದಲ ಅಂಕಿ ಒಂದೋ ಎರಡೋ ಆಗಿದ್ದಾಗಲೇ ಊಹೆ ದೂರ ಹಾರುವುದು. ಗಣಕಯಂತ್ರಗಳು ಬಹಳ ದೊಡ್ಡ ಸಂಖ್ಯೆಗಳನ್ನು ಭಾಗಿಸುವ ಪ್ರಸಿದ್ಧ ಕ್ರಮವೊಂದು ಇದೇ ನಿಯಮವನ್ನು ಆಧರಿಸಿದೆ. ಅಲ್ಲಿಯೂ ಊಹೆಯುಂಟು, ಊಹೆ ಮೀರಿದಾಗ ಒಂದನ್ನು ಕಳೆದು ತಿದ್ದಿಕೊಳ್ಳುವುದುಂಟು. ಯಂತ್ರಕ್ಕೆ ಅವಮಾನವಿಲ್ಲ; ಅಷ್ಟೇ ವ್ಯತ್ಯಾಸ.

ತುಂಟ ಭಾಜಕವನ್ನು ಸಾಧುವಾಗಿಸುವ ಉಪಾಯವೂ ಇದೆ. ಭಾಜ್ಯ ಭಾಜಕಗಳೆರಡನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದರೆ ಭಾಗಲಬ್ಧ ಬದಲಾಗದು. ಸಾವಿರವನ್ನು ೧೪ರಿಂದ ಭಾಗಿಸುವ ಬದಲು, ಎರಡನ್ನೂ ಐದರಿಂದ ಗುಣಿಸಿ ೫೦೦೦ವನ್ನು ೭೦ರಿಂದ ಭಾಗಿಸಿ. ಏಳರ ಮಗ್ಗಿಯೇ ಸಾಕು: ಉತ್ತರ ೭೧, ಶೇಷ ೩೦. ಶೇಷವೂ ಐದು ಪಟ್ಟು ಹಿಗ್ಗಿರುವುದರಿಂದ ಅದನ್ನು ಐದರಿಂದ ಭಾಗಿಸಿ ೬ ಎನ್ನಬೇಕು. ಸಾವಿರ ಸೇರೆಂದರೆ ೭೧ ಕಳಸೆ, ೬ ಸೇರು. ೭೧ ಕಳಸೆಯನ್ನು ಮೂರರಿಂದ ಭಾಗಿಸಿದರೆ ೨೩ ಮುಡಿ, ೨ ಕಳಸೆ. ಮೊದಲು ಬಂದ ಉತ್ತರವೇ ಬೇರೆ ದಾರಿಯಿಂದ ಮತ್ತೆ ಬಂತು. ಎರಡು ದಾರಿಗಳು ಒಂದೇ ಊರಿಗೆ ಸೇರುವುದನ್ನು ಕಂಡ ಮಗುವಿಗೆ ತನ್ನ ಲೆಕ್ಕದ ಮೇಲೆ ಉಂಟಾಗುವ ಭರವಸೆ, ಅಧ್ಯಾಪಕರು ಹಾಕುವ ಸರಿಗುರುತಿನಿಂದ ಉಂಟಾಗದು.

ಮನೆಯಲ್ಲಿ ಬೀಡಿ ಕಟ್ಟುವ ತಾಯಂದಿರ ಮಕ್ಕಳು ಈ ಎರಡು ತಾಲ್ಲೂಕುಗಳ ಶಾಲೆಗಳಲ್ಲಿ ಬಹಳ. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು ಎಂದಾದರೆ ಸಾವಿರಕ್ಕೆ ನಲವತ್ತು ಕಟ್ಟು ಎಂಬುದು ಆ ತಾಯಿಗೆ ಕಾಗದವಿಲ್ಲದೆ ಗೊತ್ತು. ನೂರಕ್ಕೆ ನಾಲ್ಕು ಕಟ್ಟು ಎಂಬ ಹಿಡಿತ ಸಿಕ್ಕಿದ ಮೇಲೆ ೧೩೭೫ ಬೀಡಿಗೆ ಎಷ್ಟೆಂದರೆ ಹದಿಮೂರು ನಾಲ್ಕಲೆ ಐವತ್ತೆರಡು, ಎಪ್ಪತ್ತೈದಕ್ಕೆ ಮೂರು, ಒಟ್ಟು ಐವತ್ತೈದು ಎಂದು ಲೆಕ್ಕ ಹಾಕುವುದು ಸುಲಭ. ಇದೂ ಎರಡಂಕಿಯ ಭಾಜಕದ ಭಾಗಾಕಾರವೇ. ಹೆಸರು ಮಾತ್ರ ಬೇರೆ. ಹಾಗಾಗಿ ಅದು ಶಾಲೆಯ ಬಾಗಿಲು ದಾಟಿ ಒಳಕ್ಕೆ ಬರುವುದಿಲ್ಲ.

ಹೆಸರಿನ ಮಾತು ಬಂದುದರಿಂದ ಭಾಷೆಯ ಸಂಗತಿಯನ್ನೂ ಹೇಳಬೇಕು. ಇಲ್ಲಿಯ ಬಹುಪಾಲು ಮಕ್ಕಳ ಮನೆಮಾತು ತುಳು, ಬ್ಯಾರಿ, ಕೊಂಕಣಿ ಇತ್ಯಾದಿ. ಕನ್ನಡ ಅವರಿಗೆ ಶಾಲೆಯ ಭಾಷೆ. ಭಾಜ್ಯ, ಭಾಜಕ, ಭಾಗಲಬ್ಧ, ಶೇಷ ಎಂಬ ನಾಲ್ಕು ಸಂಸ್ಕೃತ ಶಬ್ದಗಳು ಒಂದೇ ದಿನ ಎದುರಾದರೆ ಕನ್ನಡವನ್ನೇ ಕಲಿಯುತ್ತಿರುವ ಮಗು ತಬ್ಬಿಬ್ಬಾಗುವುದರಲ್ಲಿ ಆಶ್ಚರ್ಯವಿಲ್ಲ. 'ಏತ್ ಸರ್ತಿ ಪೋಪುಂಡು' ಎಂದು ಒಮ್ಮೆ ತುಳುವಿನಲ್ಲಿ ಕೇಳಿ, ಅನಂತರ 'ಎಷ್ಟು ಸಲ ಹೋಗುತ್ತದೆ' ಎಂದು ಕನ್ನಡಕ್ಕೆ ತಂದರೆ ಅರ್ಥ ಮೊದಲು ಬಂದು ಶಬ್ದ ಹಿಂದಿನಿಂದ ಬಂದೀತು. ಬಂಟ್ವಾಳದಲ್ಲಿ ೧೮೭೪ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಶಾಲೆಗಳ ಒಳಹೊರಗನ್ನು ಬಲ್ಲವರಾಗಿದ್ದು, ಮಕ್ಕಳ ನಾಲಿಗೆಗೆ ಒಪ್ಪುವ ಕನ್ನಡವನ್ನು ಭಾಷೆಯ ಪಾಠಕ್ಕೆ ತಂದುಕೊಟ್ಟರು. ಭಾಗಾಕಾರದ ಪಾಠಕ್ಕೂ ಅಂಥ ಒಬ್ಬರು ದೊರೆಯಬೇಕಾಗಿತ್ತು.

ದೊಡ್ಡ ಭಾಜಕದಲ್ಲಿ 'ಹಂಚುವುದು' ಎಂಬ ಮಾತಿಗಿಂತ 'ಎಷ್ಟು ಸಲ' ಎಂಬ ಮಾತೇ ಹೆಚ್ಚು ನೆರವಾಗುವುದಕ್ಕೆ ಕಾರಣವಿದೆ. ಹನ್ನೆರಡು ನೆಲ್ಲಿಕಾಯಿಯನ್ನು ಮೂವರಿಗೆ ಹಂಚುವುದನ್ನು ಮಗು ಕಣ್ಣಿನಿಂದ ಕಾಣಬಲ್ಲದು. ಸಾವಿರವನ್ನು ನಲವತ್ತೆರಡು ಮಂದಿಗೆ ಹಂಚುವ ಚಿತ್ರ ಅದರ ಮನಸ್ಸಿನಲ್ಲಿ ನಿಲ್ಲದು. ನಲವತ್ತೆರಡರಂತೆ ಅಳೆದು ಅಳೆದು ತೆಗೆಯುವ ಚಿತ್ರವಾದರೋ ನಿಲ್ಲುತ್ತದೆ. ಅದು ಮುಡಿ ಕಟ್ಟುವ ಚಿತ್ರ. ಭಾಗಾಕಾರವೆಂದರೆ ಮತ್ತೆ ಮತ್ತೆ ಕಳೆಯುವುದು ಎಂಬ ಮೂಲದ ಅರ್ಥ ಅದರಲ್ಲಿದೆ. ಊಹೆ ಬಾರದ ಮಗುವಿಗೆ ಈ ದಾರಿಯನ್ನೇ ತೋರಿಸಬಹುದು. ೪೨ನ್ನು ಇಮ್ಮಡಿ ಮಾಡುತ್ತ ಹೋಗಲಿ: ಒಂದಕ್ಕೆ ೪೨, ಎರಡಕ್ಕೆ ೮೪, ನಾಲ್ಕಕ್ಕೆ ೧೬೮, ಎಂಟಕ್ಕೆ ೩೩೬, ಹದಿನಾರಕ್ಕೆ ೬೭೨. ಸಾವಿರದಿಂದ ೬೭೨ ಕಳೆದರೆ ೩೨೮. ಅದರಲ್ಲಿ ೩೩೬ ಹೋಗದು. ೧೬೮ ಕಳೆದರೆ ೧೬೦. ೮೪ ಕಳೆದರೆ ೭೬. ೪೨ ಕಳೆದರೆ ೩೪. ಕಳೆದ ಪಾಲುಗಳು ಹದಿನಾರು, ನಾಲ್ಕು, ಎರಡು, ಒಂದು, ಒಟ್ಟು ಇಪ್ಪತ್ತಮೂರು. ಎಲ್ಲಿಯೂ ಊಹೆ ಬೇಕಾಗಲಿಲ್ಲ. ಇಮ್ಮಡಿಸುವುದೂ ಕಳೆಯುವುದೂ ಬಂದರೆ ಸಾಕಾಯಿತು. ಪ್ರಾಚೀನ ಈಜಿಪ್ಟಿನ ಲಿಪಿಕಾರರು ಭಾಗಿಸುತ್ತಿದ್ದುದು ಹೀಗೆಯೇ. ದಾರಿ ಸ್ವಲ್ಪ ಉದ್ದ. ಆದರೆ ಬಿದ್ದು ಕಾಲು ಮುರಿಯುವ ಭಯವಿಲ್ಲ.

ಇಮ್ಮಡಿಸುವುದಕ್ಕೆ ಎದುರಾದದ್ದು ಅರ್ಧಿಸುವುದು. ಅದರ ಒಂದು ದೊಡ್ಡ ಶಾಸ್ತ್ರವನ್ನು ಅಡಗಿಸಿಕೊಂಡಿದ್ದ ಊರು ಮೂಡುಬಿದಿರೆ. ಅಲ್ಲಿಯ ಬಸದಿಯಲ್ಲಿ ಹಳಗನ್ನಡ ಲಿಪಿಯ ಓಲೆಗರಿಗಳಲ್ಲಿ ಶತಮಾನಗಳ ಕಾಲ ಉಳಿದುಬಂದ 'ಧವಲಾ' ಎಂಬ ಸಿದ್ಧಾಂತ ಟೀಕೆಯನ್ನು ವೀರಸೇನಾಚಾರ್ಯರು ಒಂಬತ್ತನೆಯ ಶತಮಾನದ ಆದಿಯಲ್ಲಿ ಮುಗಿಸಿದರೆಂದು ವಿದ್ವಾಂಸರು ಹೇಳುತ್ತಾರೆ. ೧೯೩೯ರಿಂದ ಅದು ಸಂಪುಟಗಳಾಗಿ ಅಚ್ಚಾದಾಗ, ಧರ್ಮಗ್ರಂಥದೊಳಗೆ ಗಣಿತದ ಭಂಡಾರವೇ ಇರುವುದು ಹೊರಗಿನವರಿಗೆ ಗೋಚರವಾಯಿತು. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದೋ ಅದಕ್ಕೆ ಅಲ್ಲಿ 'ಅರ್ಧಚ್ಛೇದ' ಎಂದು ಹೆಸರು. ಮೂವತ್ತೆರಡನ್ನು ಐದು ಸಲ ಅರ್ಧಿಸಿದರೆ ಒಂದಕ್ಕೆ ಬರುತ್ತದೆ; ಅದರ ಅರ್ಧಚ್ಛೇದ ಐದು. ಇಂದಿನ ಗಣಿತ ಲಾಗರಿದಮ್ ಎಂದು ಕರೆಯುವ ಕಲ್ಪನೆಯ ಬೀಜ ಇದು. 'ಎಷ್ಟು ಸಲ' ಎಂಬ ಮಕ್ಕಳ ಪ್ರಶ್ನೆಯನ್ನೇ ಆಚಾರ್ಯರು ಅಷ್ಟು ದೂರ ಕೊಂಡೊಯ್ದರು.

ಅದೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ವನ್ನು ರಚಿಸಿದ. ೧೯೧೨ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದಾಗ ಆಧಾರವಾಗಿದ್ದ ಹಸ್ತಪ್ರತಿಗಳಲ್ಲಿ ಒಂದು ಮೂಡುಬಿದಿರೆಯ ಓಲೆಯ ಪ್ರತಿಯಿಂದ ಕನ್ನಡ ಲಿಪಿಯಲ್ಲಿ ನಕಲಾದದ್ದು. ಭಾಗಹಾರಕ್ಕೆ ಮಹಾವೀರ ಹೇಳುವ ಕ್ರಮದ ತಾತ್ಪರ್ಯ ಇಷ್ಟು: ಭಾಜ್ಯದ ಕೆಳಗೆ ಭಾಜಕವನ್ನು ಇರಿಸು; ಎರಡಕ್ಕೂ ಸಾಮಾನ್ಯವಾದ ಅಪವರ್ತನವಿದ್ದರೆ ಅದನ್ನು ಮೊದಲು ತೆಗೆ; ಅನಂತರ ಭಾಗಿಸು. ೧೦೦೦ ಮತ್ತು ೪೨ ಎರಡೂ ಸಮಸಂಖ್ಯೆಗಳು. ಅರ್ಧಿಸಿದರೆ ೫೦೦ ಮತ್ತು ೨೧. ಐವತ್ತರಲ್ಲಿ ೨೧ ಎರಡು ಸಲ, ಉಳಿದದ್ದು ೮. ಎಂಬತ್ತರಲ್ಲಿ ಮೂರು ಸಲ, ಉಳಿದದ್ದು ೧೭. ಭಾಗಲಬ್ಧ ಅದೇ ೨೩. ಅರ್ಧಿಸಿದ ಶೇಷವನ್ನು ಇಮ್ಮಡಿಸಿದರೆ ಅದೇ ೩೪. ಒಂಬತ್ತನೆಯ ಶತಮಾನದ ಸಲಹೆ ಇಂದಿನ ಸ್ಲೇಟಿನ ಮೇಲೆಯೂ ಕೆಲಸ ಮಾಡುತ್ತದೆ.

ಆ ಕಾಲದವರು ಲೆಕ್ಕ ಮಾಡುತ್ತಿದ್ದುದು ಧೂಳು ಹರಡಿದ ಹಲಗೆಯ ಮೇಲೆ. ಆದ್ದರಿಂದಲೇ ಪಾಟೀಗಣಿತವೆಂದೂ ಧೂಳೀಕರ್ಮವೆಂದೂ ಅದಕ್ಕೆ ಹೆಸರು. ಭಾಜಕವನ್ನು ಭಾಜ್ಯದ ಕೆಳಗೆ ಬರೆದು, ಒಂದು ಸಲ ಭಾಗಿಸಿ, ಉಳಿದದ್ದನ್ನು ಭಾಜ್ಯದ ಸ್ಥಾನದಲ್ಲಿ ಬರೆದು, ಭಾಜಕವನ್ನು ಒಂದು ಮನೆ ಬಲಕ್ಕೆ ಸರಿಸುತ್ತಿದ್ದರು. ಹಳೆಯ ಅಂಕಿಯನ್ನು ಬೆರಳಿನಿಂದ ಒರಸಿ ಹೊಸದನ್ನು ಬರೆಯುವುದು ಪ್ರತಿ ಹೆಜ್ಜೆಯ ಕ್ರಮವೇ ಆಗಿತ್ತು. ಈ ರೀತಿ ಅರಬರ ಮೂಲಕ ಯುರೋಪಿಗೆ ಹೋದಾಗ, ಕಾಗದದ ಮೇಲೆ ಒರಸಲಾಗದ್ದರಿಂದ ಅಂಕಿಗಳನ್ನು ಅಡ್ಡಗೆರೆಯಿಂದ ಹೊಡೆದುಹಾಕುತ್ತಿದ್ದರು. ಈಗ ನಾವು ಕಲಿಸುವಂತೆ ಮೇಲಿನಿಂದ ಕೆಳಕ್ಕೆ ಮೆಟ್ಟಲು ಮೆಟ್ಟಲಾಗಿ ಇಳಿಯುವ ಭಾಗಾಕಾರ ಅಚ್ಚಿನ ಪುಸ್ತಕದಲ್ಲಿ ಕಾಣಿಸಿಕೊಂಡದ್ದು ೧೪೯೧ರಲ್ಲಿ, ಫ್ಲಾರೆನ್ಸಿನ ಕಲಂದ್ರಿ ಎಂಬವನ ಗ್ರಂಥದಲ್ಲಿ. ಪ್ರತಿ ಹೆಜ್ಜೆಯೂ ಕಾಗದದ ಮೇಲೆ ಉಳಿಯುವುದು, ಹಿಂದಿರುಗಿ ಪರೀಕ್ಷಿಸಲು ಬರುವುದು ಈ ಕ್ರಮದ ಗುಣ. ಆದರೆ ಧೂಳಿನ ಹಲಗೆಯಲ್ಲಿ ಸಹಜವಾಗಿದ್ದ ಒರಸುವಿಕೆ ನೋಟ್ ಪುಸ್ತಕದಲ್ಲಿ ಕಲೆಯಾಗಿ ಕಾಣತೊಡಗಿತು. ಮಗುವಿನ ಪುಸ್ತಕ ಚೊಕ್ಕಟವಾಗಿರಬೇಕೆಂಬ ನಮ್ಮ ಹಟ ಅದರ ಊಹೆಯ ಕೈಯನ್ನು ಕಟ್ಟಿಹಾಕಿತು.

ಊಹೆ ಬೆಳೆದ ಮಗುವಿಗೆ ಇನ್ನೂ ಒಂದು ಲಾಭವಿದೆ. ಉತ್ತರದ ನಡುವಿನ ಸೊನ್ನೆ ಕೈತಪ್ಪುವುದಿಲ್ಲ. ೪೩೨೬ ಸೇರನ್ನು ೪೨ರಿಂದ ಭಾಗಿಸುವಾಗ ೪೩ರಲ್ಲಿ ಒಂದು ಸಲ ಹೋಗಿ ೧ ಉಳಿಯುತ್ತದೆ. ೨ನ್ನು ಇಳಿಸಿದರೆ ೧೨. ಹನ್ನೆರಡರಲ್ಲಿ ೪೨ ಹೋಗದು. ಆಗ ಮೇಲೆ ಸೊನ್ನೆ ಬರೆಯಬೇಕು. ಎಷ್ಟೋ ಮಕ್ಕಳು ಬರೆಯದೆ ೬ನ್ನೂ ಇಳಿಸಿ, ೧೨೬ರಲ್ಲಿ ಮೂರು ಸಲ ಎಂದು ಬರೆದು, ಉತ್ತರ ೧೩ ಎನ್ನುತ್ತಾರೆ. ನೂರು ಮುಡಿಗೇ ೪೨೦೦ ಸೇರಾಯಿತಲ್ಲ ಎಂದು ಮೊದಲೇ ಅಂದಾಜು ಮಾಡಿಕೊಂಡ ಮಗುವಿಗೆ ೧೩ ಎಂಬ ಉತ್ತರ ತಾನಾಗಿಯೇ ವಿಚಿತ್ರವಾಗಿ ಕಾಣುತ್ತದೆ. ಹಿಂದಿರುಗಿ ನೋಡಿ ೧೦೩ ಎಂದು ತಿದ್ದಿಕೊಳ್ಳುತ್ತದೆ. ನೂರಮೂರು ಮುಡಿಯ ಜಾಗದಲ್ಲಿ ಹದಿಮೂರು! ಗೇಣಿಯ ಕಾಲದಲ್ಲಾಗಿದ್ದರೆ ಒಂದು ಸೊನ್ನೆಗೆ ತೊಂಬತ್ತು ಮುಡಿಯ ಬೆಲೆ.

ಶೇಷಕ್ಕೂ ಅರ್ಥ ಹೇಳಿಕೊಡಬೇಕು. ಬೆಳ್ತಂಗಡಿ ತಾಲ್ಲೂಕಿನ ವೇಣೂರಿಗೆ ೧೯೦ ಮಕ್ಕಳು ಪ್ರವಾಸ ಹೊರಟರೆನ್ನೋಣ. ಒಂದು ಬಸ್ಸಿನಲ್ಲಿ ೪೨ ಆಸನ. ಭಾಗಿಸಿದರೆ ನಾಲ್ಕು, ಶೇಷ ೨೨. ಬೇಕಾದ ಬಸ್ಸುಗಳು ಮಾತ್ರ ಐದು. ೨೨ ಮಕ್ಕಳನ್ನು ಶೇಷವೆಂದು ಅಂಗಳದಲ್ಲಿ ಬಿಟ್ಟುಹೋಗಲಾಗದು. ಅಲ್ಲಿಯ ಬಾಹುಬಲಿಯ ಮೂರ್ತಿ ಸ್ಥಾಪನೆಯಾದದ್ದು ೧೬೦೪ರಲ್ಲಿ. ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕವೆಂಬ ಲೆಕ್ಕ ಹಿಡಿದರೆ, ೨೦೨೪ರ ವರೆಗಿನ ೪೨೦ ವರ್ಷಗಳನ್ನು ೧೨ರಿಂದ ಭಾಗಿಸಿದಾಗ ೩೫ ಬರುತ್ತದೆ, ಶೇಷವಿಲ್ಲ. ಆದರೆ ೩೫ ಸಲ ಅಭಿಷೇಕ ನಡೆಯಿತೆಂದು ಬರೆದರೆ ಚರಿತ್ರೆ ಒಪ್ಪದು. ೧೯೨೮, ೧೯೫೬, ೨೦೦೦ ಎಂದು ದೀರ್ಘವಾದ ಅಂತರಗಳೂ ಬಂದಿವೆ. ಭಾಗಾಕಾರ ಸರಿಯಾಗಿದ್ದರೂ ಅದರಿಂದ ಹೊರಡುವ ಮಾತು ಸರಿಯೇ ಎಂಬುದನ್ನು ಬೇರೆಯಾಗಿಯೇ ವಿಚಾರಿಸಬೇಕೆಂಬ ವಿವೇಕವನ್ನು ಮಗು ಈ ವಯಸ್ಸಿನಲ್ಲಿಯೇ ಕಲಿಯಬಹುದು.

ಕೈಯಲ್ಲಿ ಗಣಕ ಹಿಡಿದು ಓಡಾಡುವ ಈ ದಿನಗಳಲ್ಲಿ ಇಷ್ಟೆಲ್ಲ ಏಕೆ ಎಂಬ ಪ್ರಶ್ನೆ ಸಹಜವಾದದ್ದು. ೧೯೫೭ರ ಏಪ್ರಿಲ್ ೧ರ ವರೆಗೆ ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ ಇದ್ದವು. ಎಂದರೆ ರೂಪಾಯಿಗೆ ೧೯೨ ಪೈ. ಅಂಗಡಿಗೆ ಹೋದ ಹುಡುಗ ಹನ್ನೆರಡರಿಂದಲೂ ಹದಿನಾರರಿಂದಲೂ ದಿನವೂ ಭಾಗಿಸುತ್ತಿದ್ದ. ದಶಮಾಂಶದ ನಾಣ್ಯವೂ ಮೆಟ್ರಿಕ್ ಅಳತೆಯೂ ಬಂದ ಮೇಲೆ ಪೇಟೆಯ ಲೆಕ್ಕವೆಲ್ಲ ಹತ್ತು, ನೂರು, ಸಾವಿರಗಳ ಸುತ್ತ ನಿಂತಿತು. ವ್ಯವಹಾರ ಸುಲಭವಾಯಿತು, ಒಳ್ಳೆಯದೇ ಆಯಿತು. ಆದರೆ ಪೇಟೆ ಪುಕ್ಕಟೆಯಾಗಿ ಕಲಿಸುತ್ತಿದ್ದ ಅಭ್ಯಾಸ ತಪ್ಪಿಹೋಯಿತು. ಈಗ ಅದನ್ನು ಕಲಿಸುವ ಹೊಣೆ ಶಾಲೆಯೊಂದರದೇ.

ಆ ಹೊಣೆ ಎಷ್ಟು ಭಾರದ್ದೆಂಬುದಕ್ಕೆ 'ಅಸರ್' ಎಂಬ ಹೆಸರಿನ ಸಮೀಕ್ಷೆಯನ್ನು ನೋಡಬಹುದು. ಅದು ದೇಶದ ಗ್ರಾಮಾಂತರ ಮಕ್ಕಳ ಮನೆಗೇ ಹೋಗಿ ಪರೀಕ್ಷಿಸುತ್ತದೆ. ಅದರಲ್ಲಿ ಕೇಳುವ ಅತ್ಯಂತ ಕಠಿಣ ಲೆಕ್ಕವೆಂದರೆ ಮೂರಂಕಿಯ ಸಂಖ್ಯೆಯನ್ನು ಒಂದೇ ಅಂಕಿಯಿಂದ ಭಾಗಿಸುವುದು. ಇಡೀ ದೇಶದಲ್ಲಿ ಐದನೆಯ ತರಗತಿಯ ಮಕ್ಕಳಲ್ಲಿ ಅದನ್ನು ಮಾಡಬಲ್ಲವರು ೨೦೧೮ರಲ್ಲಿ ನೂರಕ್ಕೆ ಸುಮಾರು ೨೮, ೨೦೨೨ರಲ್ಲಿ ಸುಮಾರು ೨೬, ೨೦೨೪ರಲ್ಲಿ ಸುಮಾರು ೩೧. ಎರಡಂಕಿಯ ಭಾಜಕವನ್ನು ಆ ಸಮೀಕ್ಷೆ ಕೇಳುವುದೇ ಇಲ್ಲ. ಮಕ್ಕಳಿಗೆ ಬುದ್ಧಿ ಸಾಲದೆಂದು ಈ ಅಂಕಿಗಳು ಹೇಳುತ್ತಿವೆಯೇ? ಮುಡಿಯನ್ನೂ ಬೀಡಿಯ ಕಟ್ಟನ್ನೂ ಮನಸ್ಸಿನಲ್ಲೇ ಎಣಿಸಿದ ತಾಯಿತಂದೆಯರ ಮಕ್ಕಳು ಇವರು. ಬುದ್ಧಿಯಿದೆ, ಅದು ಊಹೆಯಾಗಿ ಹೊರಬರಲು ಹೆದರುತ್ತಿದೆ.

ಅಧ್ಯಾಪಕರಲ್ಲಿ ನನ್ನ ಕೋರಿಕೆ ಹೆಚ್ಚೇನಲ್ಲ. ದೊಡ್ಡ ಭಾಜಕದ ಲೆಕ್ಕ ಕೊಡುವಾಗ ಪುಟದ ಬಲಗಡೆ ನಾಲ್ಕು ಬೆರಳಗಲದ ಜಾಗವನ್ನು ಊಹೆಗೆಂದೇ ಬಿಡಿಸಿರಿ. ಮಗು ಅಲ್ಲಿ ೪೨ ನಾಲ್ಕಲೆ ೧೬೮ ಎಂದು ಬರೆದು, ಹೆಚ್ಚಾಯಿತೆಂದು ಕಂಡು, ಕೆಳಗೆ ೪೨ ಮೂರಲೆ ೧೨೬ ಎಂದು ಬರೆಯಲಿ. ಮೇಲಿನದನ್ನು ಅಳಿಸಲು ಹೇಳಬೇಡಿ. ಅದು ದಾರಿಯಲ್ಲಿ ನೆಟ್ಟ ಕಲ್ಲು. ಉತ್ತರ ಬಂದ ಮೇಲೆ ಭಾಗಲಬ್ಧವನ್ನು ಭಾಜಕದಿಂದ ಗುಣಿಸಿ ಶೇಷವನ್ನು ಕೂಡಿಸಲಿ: ೨೩ ಸಲ ೪೨ ಎಂದರೆ ೯೬೬, ಅದಕ್ಕೆ ೩೪ ಸೇರಿದರೆ ಸಾವಿರ. ಹೊರಟ ಸಂಖ್ಯೆಗೇ ಹಿಂದಿರುಗಿ ಬಂದುದನ್ನು ಕಂಡ ಮಗುವಿಗೆ ತನ್ನ ಉತ್ತರ ಸರಿಯೇ ಎಂದು ಇನ್ನೊಬ್ಬರನ್ನು ಕೇಳಬೇಕಾದ ಅಗತ್ಯ ಉಳಿಯುವುದಿಲ್ಲ. ಬರೆದುಕೊಳ್ಳುವವರ ಬಾಯಿ ನೋಡುತ್ತ ಅಂಗಳದಲ್ಲಿ ನಿಂತಿದ್ದ ಒಕ್ಕಲಿಗೆ ದೊರೆಯದೆ ಹೋದದ್ದು ಅದೇ.